ಉಡುಪಿನ ಬಗ್ಗೆ ಬರೆದಿರಿ, ಹಾಡಿನ ಬಗ್ಗೆ ಬರೆಯಲಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಗಾತ್ ಎಂಬ ರಾಕ್ ಸಂಗೀತದ ಕವಲನ್ನು ಕುರಿತು ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಇಂಥ ವಿಷಯಕ್ಕೆ ಇಡೀ ಒಂದು ಪುಟ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಮೊದಲ ಸಲ ಓದಿದೆ. ಆ ಪುಟದಲ್ಲಿ ಸಂಗೀತ ಎಲ್ಲಿದೆ ಎಂದು ಹುಡುಕಲು ಎರಡನೆಯ ಸಲ ಓದಬೇಕಾಯಿತು. ಕಣ್ಣಿನ ಸುತ್ತ ದಟ್ಟವಾಗಿ ಬಳಿದ ಕಾಡಿಗೆ, ಕಪ್ಪು ಲೇಸಿನ ಉಡುಪು, ಸಮಾಧಿಗಳ ನಡುವೆ ನಿಂತ ಯುವಕರ ಚಿತ್ರ, ಖಿನ್ನತೆಯನ್ನು ಆರಾಧಿಸುವ ಪೀಳಿಗೆ ಎಂಬ ಉಪಶೀರ್ಷಿಕೆ, ಇವೆಲ್ಲ ಇದ್ದವು. ಹಾಡು ಕಿವಿಗೆ ಹೇಗೆ ಕೇಳಿಸುತ್ತದೆ, ಯಾವ ವಾದ್ಯ ಮುಂದೆ ನಿಲ್ಲುತ್ತದೆ, ಯಾರು ಯಾವ ಊರಿನಲ್ಲಿ ಯಾಕೆ ಹಾಗೆ ನುಡಿಸಿದರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಜಾಯ್ ಡಿವಿಷನ್, ದಿ ಕ್ಯೂರ್ ಎಂಬ ಎರಡು ಇಂಗ್ಲಿಷ್ ತಂಡಗಳ ಹೆಸರುಗಳನ್ನು ಹೇಳಿ, ಉಳಿದವರೆಲ್ಲ ಅವರನ್ನು ಅನುಕರಿಸಿದ ಅನಾಮಧೇಯರು ಎಂದು ಲೇಖಕರು ಒಂದೇ ವಾಕ್ಯದಲ್ಲಿ ಕೈತೊಳೆದುಕೊಂಡಿದ್ದಾರೆ. ಆ ಅನಾಮಧೇಯರನ್ನೇ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹುಡುಕಿ ಹುಡುಕಿ ಕೇಳುತ್ತ ಬಂದವನಾದ್ದರಿಂದ, ನನ್ನ ಆಕ್ಷೇಪ ಮುಖ್ಯವಾಗಿ ಆ ಒಂದು ವಾಕ್ಯದ ಮೇಲೆಯೇ ಇದೆ.

ಅಷ್ಟೊಂದು ಅನಾಮಧೇಯ ತಂಡಗಳು ಒಂದೇ ಕಾಲದಲ್ಲಿ ಹುಟ್ಟಿದ್ದು ಅನುಕರಣೆಯ ಚಪಲದಿಂದಲ್ಲ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರು 500 ಪೌಂಡ್ ಸಾಲ ಮಾಡಿ, ತಮ್ಮದೇ ಲೇಬಲ್ಲಿನ, ಅಂದರೆ ಧ್ವನಿತಟ್ಟೆ ಹೊರತರುವ ಸಂಸ್ಥೆಯ, ಹೆಸರಿನಲ್ಲಿ ನಾಲ್ಕು ಹಾಡುಗಳ ತಟ್ಟೆಯೊಂದನ್ನು ಮೊದಲಿಗೆ ಒಂದು ಸಾವಿರ ಪ್ರತಿ ಹೊರತಂದರು. ಮರುವರ್ಷ ಸ್ಕ್ರಿಟ್ಟಿ ಪೊಲಿಟ್ಟಿ ಎಂಬ ತಂಡ ತನ್ನ ಮೊದಲ ತಟ್ಟೆಯ ಹೊದಿಕೆಯ ಮೇಲೆಯೇ ಧ್ವನಿಮುದ್ರಣಕ್ಕೆ ಎಷ್ಟಾಯಿತು, ತಟ್ಟೆ ಒತ್ತಿಸಲು ಎಷ್ಟಾಯಿತು ಎಂಬ ಲೆಕ್ಕವನ್ನು ಅಚ್ಚು ಹಾಕಿಸಿತು. ಕವನ ಸಂಕಲನದ ಹಿಂಬದಿಯಲ್ಲಿ ಮುನ್ನುಡಿಕಾರರ ಹೊಗಳಿಕೆಯ ಬದಲು ಮುದ್ರಣಾಲಯದ ಬಿಲ್ಲನ್ನು ಹಾಕಿದ ಹಾಗೆ! ಲೆಕ್ಕ ನೋಡಿದವರಿಗೆ ಇದು ನಮ್ಮಿಂದಲೂ ಆಗುವ ಕೆಲಸ ಎಂದು ಗೊತ್ತಾಯಿತು. 1976ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದ ರಫ್ ಟ್ರೇಡ್ ಎಂಬ ಅಂಗಡಿ ಅಂಥ ತಟ್ಟೆಗಳನ್ನು ಮಾರಿ, ಬೇರೆ ಊರುಗಳಿಗೂ ಮುಟ್ಟಿಸತೊಡಗಿತು. ಬಿಬಿಸಿ ರೇಡಿಯೊದಲ್ಲಿ ಜಾನ್ ಪೀಲ್ ಅವರು ಯಾರೂ ಕೇಳರಿಯದ ತಂಡಗಳ ಹಾಡುಗಳನ್ನು ರಾತ್ರಿಯ ಹೊತ್ತು ಪ್ರಸಾರ ಮಾಡುತ್ತಿದ್ದರು. ದೊಡ್ಡ ಕಂಪನಿಯ ಅಪ್ಪಣೆ ಇಲ್ಲದೆ ಹಾಡು ಹೊರಬರುವ ದಾರಿ ಹೀಗೆ ತೆರೆದುಕೊಂಡಿತು. ಆ ದಾರಿಯಲ್ಲಿ ನಡೆದವರಲ್ಲಿ ಬಹುಪಾಲು ಜನರ ಹೆಸರು ಮರೆತುಹೋದುದಕ್ಕೆ ಕಾರಣ ಅವರ ಸಂಗೀತ ಕಳಪೆಯಾಗಿದ್ದುದಲ್ಲ, ಒತ್ತಿಸಿದ ಪ್ರತಿಗಳೇ ಕೆಲವು ನೂರು ಅಥವಾ ಒಂದೆರಡು ಸಾವಿರ ಮಾತ್ರವಾಗಿದ್ದುದು.

ಇನ್ನು ನಾದದ ವಿಷಯ. ಸಾಮಾನ್ಯ ರಾಕ್ ಹಾಡಿನಲ್ಲಿ ಬೇಸ್ ಗಿಟಾರ್ ಮನೆಯ ತಳಪಾಯದಂತೆ ಇದ್ದೂ ಕಾಣದ ಹಾಗೆ ಇರುತ್ತದೆ. ಪಂಕ್ ರಾಕ್ ಅಲೆಯ ಬೆನ್ನಿಗೆ ಬಂದ, ಗಾತ್‌ಗೆ ಮೂಲವಾದ ಪೋಸ್ಟ್-ಪಂಕ್ ಸಂಗೀತದಲ್ಲಿ ಅದು ಎದ್ದು ಮುಂದೆ ಬಂದು ರಾಗವನ್ನೇ ಹಿಡಿಯುತ್ತದೆ. ಜಾಯ್ ಡಿವಿಷನ್ ತಂಡದ ಪೀಟರ್ ಹುಕ್ ತಾರ ಸ್ಥಾಯಿಯಲ್ಲಿ ಬೇಸ್ ನುಡಿಸುವುದನ್ನು ರೂಢಿಸಿಕೊಂಡದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ಅವರ ಹತ್ತಿರವಿದ್ದ ಆಂಪ್ಲಿಫೈಯರ್ ಕಳಪೆಯದು, ಪಕ್ಕದ ಗಿಟಾರಿನ ಅಬ್ಬರದಲ್ಲಿ ಕೆಳಗಿನ ತಂತಿಗಳ ಸದ್ದು ಅವರಿಗೇ ಕೇಳಿಸುತ್ತಿರಲಿಲ್ಲ. ಗಿಟಾರ್ ಕೂಡ ಇಲ್ಲಿ ಗೋಡೆ ಕಟ್ಟುವುದಿಲ್ಲ, ಸಣ್ಣ ಸಣ್ಣ ಗೀರುಗಳನ್ನು ಎಳೆದು ಬಿಡುತ್ತದೆ. ಡ್ರಮ್ಮಿನಲ್ಲಿ ಝಲ್ಲೆನ್ನುವ ತಾಳ ಕಡಿಮೆಯಾಗಿ ಆಳದ ದುಡಿಯಂಥ ಪೆಟ್ಟುಗಳು ಹೆಚ್ಚುತ್ತವೆ. ಇವುಗಳ ನಡುವೆ ಖಾಲಿ ಜಾಗ ಉಳಿಯುತ್ತದೆ, ಆ ಖಾಲಿ ಜಾಗವೇ ಈ ಸಂಗೀತದ ಜೀವ. ಮಾರ್ಟಿನ್ ಹ್ಯಾನೆಟ್ ಎಂಬ ನಿರ್ಮಾಪಕರು 1979ರಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಜಾಯ್ ಡಿವಿಷನ್ನಿನ ಮೊದಲ ಆಲ್ಬಮ್ಮನ್ನು ಮುದ್ರಿಸಿದಾಗ, ಸದ್ದನ್ನು ಕ್ಷಣಕಾಲ ತಡೆದು ಮತ್ತೆ ಕೇಳಿಸುವ, ಆಗಷ್ಟೇ ಬಂದಿದ್ದ ಡಿಜಿಟಲ್ ಡಿಲೇ ಯಂತ್ರವನ್ನು ಬಳಸಿ ಪ್ರತಿ ಪೆಟ್ಟಿನ ಸುತ್ತ ಒಂದು ಕೋಣೆಯನ್ನು ಕಟ್ಟಿದರು. ತಂಡದವರಿಗೇ ಆ ಮುದ್ರಣ ಮೊದಲಿಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು.

ಅದೇ ವರ್ಷದ ಜನವರಿಯಲ್ಲಿ, ಒಟ್ಟುಗೂಡಿ ಕೆಲವೇ ವಾರಗಳಾಗಿದ್ದ ನಾರ್ತ್ಯಾಂಪ್ಟನ್ನಿನ ಬೌಹೌಸ್ ತಂಡ ವೆಲಿಂಗ್‌ಬರೊ ಎಂಬ ಪುಟ್ಟ ಊರಿನ ಸ್ಟುಡಿಯೊದಲ್ಲಿ ಒಂಬತ್ತು ನಿಮಿಷಕ್ಕೂ ಮಿಕ್ಕಿದ ಹಾಡೊಂದನ್ನು ಮುದ್ರಿಸಿತು. ಡ್ರಾಕುಲಾ ಪಾತ್ರ ಮಾಡಿದ ಹಳೆಯ ಚಿತ್ರನಟನ ಸಾವಿನ ಬಗೆಗಿನ ಆ ಹಾಡನ್ನು ಎಲ್ಲರೂ ಗಾತ್‌ನ ಮೊದಲ ಹಾಡು ಎನ್ನುತ್ತಾರೆ. ಆದರೆ ಅದರಲ್ಲಿ ಪ್ರತಿಧ್ವನಿಯನ್ನು ಬಳಸಿದ ರೀತಿಯನ್ನು ಗಮನವಿಟ್ಟು ಕೇಳಿದರೆ ಅಲ್ಲಿ ಕಾಣುವುದು ಡ್ರಾಕುಲಾನ ಊರಾದ ಟ್ರಾನ್ಸಿಲ್ವೇನಿಯಾ ಅಲ್ಲ, ಜಮೈಕಾ. ರೆಗೆ ಹಾಡುಗಳನ್ನು ಬಿಚ್ಚಿ, ಬೇಸ್ ಮತ್ತು ಡ್ರಮ್ಮನ್ನಷ್ಟೇ ಉಳಿಸಿ, ಉಳಿದುದನ್ನು ಪ್ರತಿಧ್ವನಿಯಲ್ಲಿ ತೇಲಿಬಿಡುವ ಡಬ್ ಎಂಬ ಜಮೈಕಾದ ವಿಧಾನವನ್ನು ಈ ಹುಡುಗರು ಮೆಚ್ಚಿ ಕೇಳಿಕೊಂಡು ಬೆಳೆದವರು. ನಿಮ್ಮ ಲೇಖಕರು ಹುಡುಕಿದ ಸ್ಮಶಾನದಲ್ಲಿ ಈ ಬೇರು ಸಿಗುವುದಿಲ್ಲ. ಇನ್ನೊಂದು ವಿಷಯ: ಆ ಹಾಡು ಬಂದದ್ದು 1979ರ ಆಗಸ್ಟ್‌ನಲ್ಲಿ; ಗಾತ್ ಉಡುಪಿಗೆ ಹೆಸರಾದ ಬ್ಯಾಟ್‌ಕೇವ್ ಎಂಬ ಕ್ಲಬ್ಬು ಲಂಡನ್ನಿನ ಸೋಹೊದಲ್ಲಿ ತೆರೆದದ್ದು 1982ರ ಜುಲೈನಲ್ಲಿ. ಉಡುಪು ಹಾಡಿನ ಹಿಂದೆ ಮೂರು ವರ್ಷ ತಡವಾಗಿ ಬಂತು. ಲೇಖನ ಮಾತ್ರ ಉಡುಪಿನಿಂದಲೇ ಶುರುವಾಗಿ ಉಡುಪಿನಲ್ಲೇ ಮುಗಿಯಿತು.

ಅನುಕರಣೆ ಎಂಬ ಆರೋಪಕ್ಕೆ ಬರುತ್ತೇನೆ. ಲಂಡನ್ನಿನ ದಿ ಸೌಂಡ್ ಎಂಬ ತಂಡದ ಮೊದಲ ಆಲ್ಬಮ್ 'ಜೆಪರ್ಡಿ' 1980ರಲ್ಲಿ, ಎರಡನೆಯದು 'ಫ್ರಮ್ ದಿ ಲಯನ್ಸ್ ಮೌತ್' 1981ರಲ್ಲಿ ಬಂದವು. ಎಕೊ ಆಂಡ್ ದಿ ಬನ್ನಿಮೆನ್ ಎಂಬ ಹೆಸರುವಾಸಿ ತಂಡ ಇದ್ದ ಲೇಬಲ್ಲಿನಲ್ಲೇ ಇವರೂ ಇದ್ದರು, ವಿಮರ್ಶಕರ ಮೆಚ್ಚುಗೆಯೂ ಸಿಕ್ಕಿತು, ತಟ್ಟೆಗಳು ಮಾತ್ರ ಮಾರಾಟವಾಗಲಿಲ್ಲ. ಜನ ಸುಲಭವಾಗಿ ಕೊಳ್ಳುವಂಥ ಆಲ್ಬಮ್ ಕೊಡಿ ಎಂಬ ಒತ್ತಡ ಬಂದಾಗ 1982ರಲ್ಲಿ ಅವರು ಮೊದಲಿಗಿಂತ ಹೆಚ್ಚು ಕಠಿಣವಾದ ಆಲ್ಬಮ್ಮನ್ನು ಕೊಟ್ಟರು. ಕಂಪನಿ ಅವರನ್ನು ಕೈಬಿಟ್ಟಿತು. ಹಾಡುಗಾರ ಏಡ್ರಿಯನ್ ಬೋರ್ಲೆಂಡ್ 1999ರಲ್ಲಿ ತೀರಿಕೊಂಡರು. ಇವರ ಎರಡನೆಯ ಆಲ್ಬಮ್ಮನ್ನು ನಾನು ಬಹಳ ವರ್ಷಗಳ ಹಿಂದೆ, ಬೇರೆ ಯಾವುದೋ ತಂಡವನ್ನು ಹುಡುಕುತ್ತಿದ್ದಾಗ, ತೀರ ಅಕಸ್ಮಾತ್ತಾಗಿ ಕೇಳಿದೆ. ಮೊದಲ ಹಾಡು ಮೆಲ್ಲನೆ ಶುರುವಾಗಿ, ಮುಳುಗುತ್ತಿದ್ದವನೊಬ್ಬ ಕೈಕಾಲು ಬಡಿದು ಮೇಲೇಳುವುದನ್ನು ಹೇಳುತ್ತದೆ. ಕೀಬೋರ್ಡು ಒಂದೇ ಎಳೆಯನ್ನು ಹಿಡಿದು ನಿಂತಿರುತ್ತದೆ, ಬೇಸ್ ಅದರ ಕೆಳಗೆ ದಾಪುಗಾಲು ಹಾಕುತ್ತದೆ, ಗಿಟಾರ್ ಬರುವ ಹೊತ್ತಿಗೆ ಕೇಳುಗನೂ ಮೇಲೆದ್ದಿರುತ್ತಾನೆ. ಆ ರಾತ್ರಿ ಆ ಆಲ್ಬಮ್ಮನ್ನು ಮೂರು ಸಲ ಕೇಳಿದ್ದು ನನಗೆ ಇನ್ನೂ ನೆನಪಿದೆ. ಜಾಯ್ ಡಿವಿಷನ್ನಿನ ಹಾಡುಗಳಲ್ಲಿ ಬಾಗಿಲು ಮುಚ್ಚುತ್ತದೆ; ಇವರದರಲ್ಲಿ ಅದೇ ಬಾಗಿಲನ್ನು ಒಳಗಿನಿಂದ ಒಬ್ಬ ತಳ್ಳುತ್ತಿರುತ್ತಾನೆ. ಇದನ್ನು ಅನುಕರಣೆ ಎನ್ನುವುದಾದರೆ ಒಂದೇ ಛಂದಸ್ಸಿನಲ್ಲಿ ಬರೆದ ಕವಿಗಳೆಲ್ಲ ಒಬ್ಬರನ್ನೊಬ್ಬರು ಕದ್ದವರೆನ್ನಬೇಕಾಗುತ್ತದೆ.

ವೇಲ್ಸಿನ ಕಾರ್ಡಿಫ್ ನಗರದ ಯಂಗ್ ಮಾರ್ಬಲ್ ಜಯಂಟ್ಸ್ ಎಂಬ ಮೂವರ ತಂಡ 1980ರಲ್ಲಿ ತನ್ನ ಏಕೈಕ ಪೂರ್ಣ ಆಲ್ಬಮ್ಮನ್ನು ತಂದಿತು. ಅವರಲ್ಲಿ ಡ್ರಮ್ ನುಡಿಸುವವರೇ ಇರಲಿಲ್ಲ. ಯಂತ್ರದ ತಾಳವನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ವೇದಿಕೆಯ ಮೇಲೆ ಹಾಕುತ್ತಿದ್ದರು. ಆಲಿಸನ್ ಸ್ಟಾಟನ್ ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತ ತನ್ನಷ್ಟಕ್ಕೆ ಗುನುಗಿದಂತೆ ಹಾಡುತ್ತಾರೆ. ಭಯ ಹುಟ್ಟಿಸುವಂಥದು ಅದರಲ್ಲಿ ಏನೂ ಇಲ್ಲ, ಆದರೂ ಅಷ್ಟು ಬರಿದಾದ ಸಂಗೀತವನ್ನು ಕೇಳುವಾಗ ಮೈ ಜುಮ್ಮೆನ್ನುತ್ತದೆ. ಲೀಡ್ಸ್ ನಗರದ ಸಿಸ್ಟರ್ಸ್ ಆಫ್ ಮರ್ಸಿ ತಂಡವೂ ಡ್ರಮ್ ಮಷಿನ್ನನ್ನೇ ನಂಬಿತು, ಅದಕ್ಕೆ ಡಾಕ್ಟರ್ ಅವಲಾಂಚ್ ಎಂದು ನಾಮಕರಣವನ್ನೂ ಮಾಡಿತು, ಆದರೆ ಪರಿಣಾಮ ಪೂರ್ತಿ ತದ್ವಿರುದ್ಧ: ಅಲ್ಲಿ ಪಿಸುಮಾತು, ಇಲ್ಲಿ ದಂಡಯಾತ್ರೆ. ಆ ತಂಡದ ಆಂಡ್ರ್ಯೂ ಎಲ್ಡ್ರಿಚ್ ತಮ್ಮನ್ನು ಗಾತ್ ಎಂದು ಕರೆಯುವುದನ್ನು ಇಂದಿಗೂ ಒಪ್ಪುವುದಿಲ್ಲ. ದಿ ಕ್ಯೂರ್‌ನ ರಾಬರ್ಟ್ ಸ್ಮಿತ್ ಅವರೂ ಒಪ್ಪುವುದಿಲ್ಲ. ಇಷ್ಟು ಜನ ನಿರಾಕರಿಸಿದ ಮೇಲೂ ಉಳಿದುಕೊಂಡ ಹೆಸರು ಇದು.

ಈ ಸಂಗೀತ ಇಂಗ್ಲಿಷಿನಲ್ಲಿ ಮಾತ್ರ ಇದೆ ಎಂಬ ಭಾವನೆಯೂ ಲೇಖನದಲ್ಲಿ ಕಂಡಿತು. ಹ್ಯಾಂಬರ್ಗಿನಲ್ಲಿ ಐವರು ಹೆಣ್ಣುಮಕ್ಕಳು 1980ರಲ್ಲಿ ಕಟ್ಟಿದ ಎಕ್ಸ್‌ಮಾಲ್ ಡಾಯ್ಚ್‌ಲಾಂಡ್ ತಂಡ ಜರ್ಮನ್ ಭಾಷೆಯಲ್ಲೇ ಹಾಡಿ, 1983ರಲ್ಲಿ ಲಂಡನ್ನಿನ 4ಎಡಿ ಲೇಬಲ್ಲಿನಿಂದ ಆಲ್ಬಮ್ ತಂದಿತು. ಪೋಲೆಂಡಿನ ಪುವಾವಿ ಎಂಬ ಪಟ್ಟಣದ ಶೆಕೆರಾ ತಂಡದ ಹೆಸರಿನ ಅರ್ಥ ಕೊಡಲಿ. 1986ರ ಅವರ ಆಲ್ಬಮ್ಮಿಗೆ ರಷ್ಯನ್ ಚಕ್ರಾಧಿಪತ್ಯದ ಕಾಲದಲ್ಲಿ ಆ ಪಟ್ಟಣಕ್ಕಿದ್ದ ಹಳೆಯ ಹೆಸರನ್ನೇ ಇಟ್ಟಿದ್ದಾರೆ. ನನಗೆ ಪೋಲಿಷ್ ಒಂದಕ್ಷರವೂ ಬಾರದು. ಆದರೂ ಅದರ ಯಾಂತ್ರಿಕ ನಡಿಗೆಯನ್ನು, ಪದಗಳನ್ನು ಕತ್ತರಿಸಿ ಎಸೆದಂತೆ ಹಾಡುವ ಗಂಟಲನ್ನು ಕೇಳಿದಾಗ ಕೊಡಲಿ ಎಂಬ ಹೆಸರು ಯಾಕೆ ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಖಿನ್ನತೆಯ ಆರಾಧನೆ ಎಂಬ ಉಪಶೀರ್ಷಿಕೆಯ ಬಗ್ಗೆ ಇಷ್ಟೇ ಹೇಳುತ್ತೇನೆ. ಕರುಣ ರಸದ ಕಾವ್ಯವನ್ನು ಓದಿ ಕಣ್ಣೊರೆಸಿಕೊಂಡ ಓದುಗರನ್ನು ರೋಗಿಗಳೆಂದು ನಾವು ಕರೆಯುವುದಿಲ್ಲ. ಅವರನ್ನು ಸಹೃದಯರು ಎನ್ನುತ್ತೇವೆ. ದುಃಖವನ್ನು ಅನುಭವಿಸುವುದಕ್ಕೂ ದುಃಖದ ರೂಪವನ್ನು ಸವಿಯುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಕಾವ್ಯಮೀಮಾಂಸೆ ಎಂದೋ ಗುರುತಿಸಿದೆ. ಗಿಟಾರ್ ಹಿಡಿದವರ ವಿಷಯಕ್ಕೆ ಬಂದಾಗ ಮಾತ್ರ ಅದು ನಮಗೆ ಮರೆತುಹೋಗುತ್ತದೆ. ಅದೂ ಅಲ್ಲದೆ ಇದು ಬಹುಮಟ್ಟಿಗೆ ಕುಣಿಯುವ ಸಂಗೀತ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ 1992ರಿಂದ ನಡೆಯುತ್ತಿರುವ ವೇವ್-ಗೋಟಿಕ್-ಟ್ರೆಫೆನ್ ಉತ್ಸವಕ್ಕೆ ಸುಮಾರು 20,000 ಜನ ಸೇರುತ್ತಾರೆ, ಅವರಲ್ಲಿ ಮಕ್ಕಳನ್ನು ಕರೆತರುವ ತಂದೆತಾಯಿಗಳೂ ನರೆತ ತಲೆಯವರೂ ಇರುತ್ತಾರೆ.

ಉಡುಪನ್ನು ನೋಡಿ ಮನುಷ್ಯನನ್ನು ಅಳೆಯುವುದರಲ್ಲಿ ಅಪಾಯವೂ ಇದೆ ಎಂಬುದನ್ನು ಪತ್ರಿಕೆಯವರಿಗೆ ನೆನಪಿಸಬೇಕು. 2007ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರಿನ ಬೇಕಪ್ ಪಟ್ಟಣದ ಉದ್ಯಾನವೊಂದರಲ್ಲಿ ಇಪ್ಪತ್ತು ವರ್ಷದ ಯುವತಿಯನ್ನೂ ಆಕೆಯ ಗೆಳೆಯನನ್ನೂ ಹುಡುಗರ ಗುಂಪೊಂದು ಥಳಿಸಿತು, ಯುವತಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವರು ಗಾತ್‌ಗಳಂತೆ ಕಾಣುತ್ತಿದ್ದುದೇ ಆ ಹಲ್ಲೆಗೆ ಕಾರಣವಾಗಿತ್ತು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಉಪಸಂಸ್ಕೃತಿಗಳಿಗೆ ಸೇರಿದವರ ಮೇಲಿನ ದಾಳಿಗಳನ್ನು ದ್ವೇಷಾಪರಾಧಗಳೆಂದು ದಾಖಲಿಸಲು ಆರಂಭಿಸಿದರು. ವಿಚಿತ್ರವಾಗಿ ಕಾಣುವವರು ರೋಗಗ್ರಸ್ತರು ಎಂದು ದೊಡ್ಡಕ್ಷರದಲ್ಲಿ ಅಚ್ಚು ಮಾಡುವ ಮೊದಲು ಇದನ್ನು ಯೋಚಿಸಬೇಕಿತ್ತು.

ನಮ್ಮಂಥ ಅಭಿಮಾನಿಗಳಲ್ಲೂ ತಪ್ಪುಗಳಿವೆ, ಮುಚ್ಚಿಡುವುದಿಲ್ಲ. ಬೇರೆಯವರಿಗೆ ಗೊತ್ತಿಲ್ಲದ ತಂಡ ನಮಗೆ ಗೊತ್ತು ಎಂಬುದೇ ಒಂದು ಅಮಲು. ಆ ತಂಡಕ್ಕೆ ನಾಲ್ಕು ಜನ ಹೆಚ್ಚಿಗೆ ಕೇಳುಗರು ಸಿಕ್ಕರೆ ನಮ್ಮ ಹಿತ್ತಲಿಗೆ ಯಾರೋ ನುಗ್ಗಿದಂತೆ ಮುಖ ಗಂಟಿಕ್ಕುತ್ತೇವೆ. ಬೆಲಾರೂಸಿನ ಮಿನ್ಸ್ಕ್ ನಗರದ ಮೋಲ್ಚತ್ ದೋಮಾ ತಂಡದ 2018ರ ಆಲ್ಬಮ್ಮಿನ ಹಾಡೊಂದು 2020ರಲ್ಲಿ ಟಿಕ್‌ಟಾಕ್‌ನಲ್ಲಿ ಹರಡಿ ಲಕ್ಷಾಂತರ ಎಳೆಯರ ಬಾಯಲ್ಲಿ ನಲಿದಾಡಿದಾಗ, ಹಳೆಯ ಕೇಳುಗರು ಬಹಳ ಜನ ಮೂಗು ಮುರಿದರು. ಮೊದಲ ಕೆಲವು ದಿನ ನಾನೂ ಮುರಿದೆ. ಆ ಹಾಡಿನ ಸಾಲುಗಳು 2001ರಲ್ಲಿ ತೀರಿಕೊಂಡ ರಷ್ಯನ್ ಕವಿ ಬೊರಿಸ್ ರೀಝಿ ಅವರ ಕವಿತೆ ಎಂದು ತಿಳಿದ ಮೇಲೆ ನಾಚಿಕೆಯಾಯಿತು. ಒಬ್ಬ ಕವಿಯ ಸಾಲುಗಳು ಭಾಷೆ ತಿಳಿಯದವರ ನಾಲಿಗೆಗೂ ಹತ್ತಿದ್ದರೆ ಅದರಲ್ಲಿ ಹಲುಬಲು ಏನಿದೆ?

ಹಾಗಾಗಿ ತಮ್ಮಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಮುಂದೆ ಎಂದಾದರೂ ಈ ವಿಷಯಕ್ಕೆ ಜಾಗ ಕೊಡುವುದಾದರೆ ಚಳವಳಿ, ಪೀಳಿಗೆ, ಮನೋಭಾವ ಎಂಬ ದೊಡ್ಡ ಮಾತುಗಳನ್ನು ಬಿಟ್ಟು, ಹೆಚ್ಚು ಜನ ಕೇಳದ ಒಂದೇ ಒಂದು ಆಲ್ಬಮ್ಮನ್ನು ಎತ್ತಿಕೊಂಡು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ ಬರೆಯುವವರಿಂದ ಬರೆಸಿ.

ಕೊನೆಗೆ ಒಂದು ತಿದ್ದುಪಡಿ. ಲೇಖನದ ಜತೆಯ ಚಿತ್ರದಲ್ಲಿ ಯುವಕನ ಟೀ ಶರ್ಟಿನ ಮೇಲೆ ಕಾಣುವ ಬಿಳಿ ಗೆರೆಗಳನ್ನು ಅಡಿಬರಹದಲ್ಲಿ ಕಪ್ಪು ಬೆಟ್ಟಗಳ ಸಾಲು ಎಂದು ವರ್ಣಿಸಲಾಗಿದೆ. ಅವು ಬೆಟ್ಟಗಳಲ್ಲ. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜೋಸೆಲಿನ್ ಬೆಲ್ ಅವರು ಗುರುತಿಸಿದ, ಜಗತ್ತಿಗೆ ತಿಳಿದ ಮೊದಲ ಪಲ್ಸಾರ್ ನಕ್ಷತ್ರ ಸಿಪಿ 1919, ಸುಮಾರು 1.34 ಸೆಕೆಂಡಿಗೊಮ್ಮೆ ಕಳಿಸುವ ರೇಡಿಯೊ ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿದ ನಕ್ಷೆ ಅದು. ಖಗೋಳ ವಿಜ್ಞಾನದ ವಿಶ್ವಕೋಶವೊಂದರಲ್ಲಿ ಅಚ್ಚಾಗಿದ್ದ ಆ ನಕ್ಷೆಯನ್ನು ಜಾಯ್ ಡಿವಿಷನ್ ತಂಡದವರು ತಮ್ಮ ಮೊದಲ ಆಲ್ಬಮ್ಮಿನ ಹೊದಿಕೆಗೆ ಆಯ್ದು ಕೊಟ್ಟರು. ವಿಶ್ವಕೋಶದಲ್ಲಿ ಅದು ಬಿಳಿಯ ಮೇಲೆ ಕಪ್ಪು ಗೆರೆಗಳಾಗಿತ್ತು. ಕಪ್ಪಿನ ಮೇಲೆ ಬಿಳಿ ಮಾಡಿದವರು ಹೊದಿಕೆ ವಿನ್ಯಾಸಕಾರ ಪೀಟರ್ ಸಾವಿಲ್.

ಇತಿ,
ತಮ್ಮ ಪತ್ರಿಕೆಯ ಹಳೆಯ ಓದುಗ