ಒಣಗಿ ಬಂದ ಓಕ್ ಪೀಪಾಯಿಗಳು: ಹಣ ಮರಳಿಸುವಂತೆ ದೂರು

ಸೋಲಾಪುರ
ಜೂನ್ 6

ಇವರಿಗೆ,
ವ್ಯವಸ್ಥಾಪಕರು,
ಪೀಪಾಯಿ ಮಾರಾಟ ವಿಭಾಗ, ಬೆಂಗಳೂರು

ವಿಷಯ: ಏಪ್ರಿಲ್ 17ರಂದು ತಲುಪಿದ ಆರು ಪೀಪಾಯಿಗಳಲ್ಲಿ ಐದು ಕೆಲಸಕ್ಕೆ ಬಾರದಿರುವುದು

ಮಾನ್ಯರೇ,

ಕೆಂಪು ವೈನ್ ತುಂಬಿದ್ದ, 225 ಲೀಟರಿನ ಆರು ಹಳೆಯ ಓಕ್ ಪೀಪಾಯಿಗಳಿಗಾಗಿ ಫೆಬ್ರುವರಿಯಲ್ಲಿ ನಿಮಗೆ 1,08,000 ರೂಪಾಯಿ ಪೂರ್ತಿ ಮುಂಗಡ ಕಟ್ಟಿದ್ದೇನೆ. ಲಾರಿ ಬಾಡಿಗೆ 14,000 ಬೇರೆ. ಏತಕ್ಕೆ ಬೇಕು ಎಂಬುದನ್ನೂ ಬೇಡಿಕೆ ಪತ್ರದಲ್ಲಿಯೇ ಬರೆದಿದ್ದೆ: ಹುಳಿ ಬಿಯರ್ ತುಂಬಿ ಒಂದು ವರ್ಷ ಮಾಗಿಸುವುದಕ್ಕೆ. ವೈನ್ ಖಾಲಿಯಾದ ಎರಡು ವಾರದೊಳಗೆ, ಕೆಡದಂತೆ ಒಳಗೆ ಗಂಧಕದ ಹೊಗೆ ಹಾಕಿ, ಬಿರಡೆ ಬಿಗಿದು, ಮರದ ತೇವ ಆರದಂತೆ ಕಳುಹಿಸುತ್ತೇವೆ ಎಂಬ ನಿಮ್ಮ ಒಪ್ಪಿಗೆ ಪತ್ರ ನನ್ನ ಕಡತದಲ್ಲಿದೆ.

ಅವು ಬಂದದ್ದು ತೆರೆದ ಲಾರಿಯಲ್ಲಿ, ಮೇಲೊಂದು ತಾಡಪಾಲೂ ಇಲ್ಲದೆ, ನಡುಮಧ್ಯಾಹ್ನ. ಈ ಊರಿನ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ ಎಂಬುದನ್ನು ನಿಮಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಮೊದಲನೆಯ ಪೀಪಾಯಿಯನ್ನು ಇಳಿಸುವಾಗಲೇ ಅದರ ಕಬ್ಬಿಣದ ಬಳೆ ಸಡಿಲಗೊಂಡು ಕೆಳಗೆ ಜಾರಿತು. ಕೋಣೆಯ ದೀಪ ಆರಿಸಿ, ಬಿರಡೆಯ ತೂತಿನಿಂದ ಸಣ್ಣ ಟಾರ್ಚೊಂದನ್ನು ದಾರ ಕಟ್ಟಿ ಒಳಗೆ ಇಳಿಬಿಟ್ಟೆ. ಹಲಗೆಗಳ ಸಂದಿನಿಂದ ಬೆಳಕಿನ ಗೆರೆಗಳು ಗೋಡೆಯ ಮೇಲೆ ಬಿದ್ದವು. ಎಣಿಸಿದೆ, ಹನ್ನೊಂದು. ಪೀಪಾಯಿಯ ಹಲಗೆಗಳ ನಡುವೆ ಅಂಟೂ ಇರುವುದಿಲ್ಲ, ಮೊಳೆಯೂ ಇರುವುದಿಲ್ಲ. ತೇವ ಕುಡಿದು ಉಬ್ಬಿದ ಮರ ಪಕ್ಕದ ಮರವನ್ನು ಒತ್ತಿ ಹಿಡಿದರೆ ಮಾತ್ರ ಅದು ಪಾತ್ರೆ. ಗಂಧಕದ ವಾಸನೆ ಆರರಲ್ಲಿ ಒಂದರಲ್ಲಿ ಮಾತ್ರ ಇತ್ತು.

ಎಲ್ಲಕ್ಕೂ ಬಿಸಿನೀರು ತುಂಬಿ ನಾಲ್ಕು ದಿನ ಕಾದೆ. ಎರಡು ಕೊನೆಯವರೆಗೂ ಸೋರಿದವು. ಇನ್ನು ಮೂರರ ಬಾಯಿಗೆ ಮೂಗಿಟ್ಟರೆ ಉಗುರುಬಣ್ಣ ಒರೆಸುವ ದ್ರವದ ವಾಸನೆ ಬಂದಿತು. ಈಥೈಲ್ ಅಸಿಟೇಟಿನ ಆ ವಾಸನೆಯ ಅರ್ಥ ಈ ವ್ಯಾಪಾರದಲ್ಲಿರುವ ನಿಮಗೆ ಗೊತ್ತಿರಬೇಕು. ಖಾಲಿ ಪೀಪಾಯಿಗೆ ಗಾಳಿ ಹೊಕ್ಕಿದೆ, ಉಳಿದ ವೈನ್ ವಿನೆಗರ್ ಆಗಿದೆ, ಅದನ್ನು ಮಾಡಿದ ಬ್ಯಾಕ್ಟೀರಿಯಾ ಮರದೊಳಗೆ ಇಳಿದು ಕುಳಿತಿದೆ. ವೈನ್ ಓಕ್ ಮರದಲ್ಲಿ ಕೆಲವು ಮಿಲಿಮೀಟರ್ ಆಳಕ್ಕೆ ಇಂಗಿರುತ್ತದೆ. ಮೇಲೆ ಬಿಸಿನೀರು ಸುರಿದರೆ ಅಲ್ಲಿಯವರೆಗೆ ಶುದ್ಧಿಯಾಗುವುದಿಲ್ಲ.

ಇದನ್ನು ತಿಳಿಸಿದಾಗ ನಿಮ್ಮ ಪ್ರತಿನಿಧಿ ಕೊಟ್ಟ ಉತ್ತರ ನನ್ನನ್ನು ಈ ಪತ್ರಕ್ಕೆ ಕೂರಿಸಿದೆ. "ನೀವು ಮಾಡುವುದೇ ಹುಳಿ ಬಿಯರ್, ಪೀಪಾಯಿ ಸ್ವಲ್ಪ ಹುಳಿಯಾಗಿದ್ದರೆ ಒಳ್ಳೆಯದೇ ಅಲ್ಲವೇ?" ಎಂದರು.

ನಾನು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯವನು. ನಮ್ಮ ಮನೆಯಲ್ಲಿ ಬೇಸಿಗೆ ಪೂರ್ತಿ ಜೋಳದ ಅಂಬಲಿ. ರಾತ್ರಿ ಹಿಟ್ಟು ಕಲಸಿಟ್ಟ ಗಡಿಗೆಯ ಮುಚ್ಚಳವನ್ನು ಬೆಳಿಗ್ಗೆ ಸರಿಸಿದ ಕ್ಷಣವೇ ಅಜ್ಜಿ ಹೇಳುತ್ತಿದ್ದಳು, ಇದು ಹುಳಿ ಬಂದಿದೆಯೋ ಹಳಸಿದೆಯೋ ಎಂದು. ಹಳಸಿದ್ದನ್ನು ದನಕ್ಕೂ ಇಡುತ್ತಿರಲಿಲ್ಲ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಹುಳಿ ಬೇರೆ, ಗಂಟಲು ಸುಡುವ ವಿನೆಗರ್ ಬೇರೆ. ನನ್ನ ಬಿಯರಿನ ಮೂಲ ಆ ಗಡಿಗೆಯೇ. ಮಂಗಳವೇಢೆಯ ಮಾಲದಂಡಿ ಜೋಳದ ನುಚ್ಚನ್ನು ಮೊದಲು ಗಂಜಿಯಾಗಿ ಬೇಯಿಸುತ್ತೇನೆ, ಏಕೆಂದರೆ ಜೋಳದ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು. ಆಮೇಲೆ ಬಾರ್ಲಿ ಮಾಲ್ಟಿನೊಡನೆ ಕೂಡಿಸಿ, ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಹಾಕಿ ಆ ಲ್ಯಾಕ್ಟಿಕ್ ಹುಳಿ ಬರಿಸುತ್ತೇನೆ. ಪೀಪಾಯಿಯ ಪಾಠ ಮಾತ್ರ ಬೆಲ್ಜಿಯಂನದು. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಎಂಬ ಹುಳಿ ಬಿಯರ್ ಮಾಡುವವರು ಚಳಿಗಾಲದ ರಾತ್ರಿ ತೆರೆದ ಅಗಲ ತೊಟ್ಟಿಯಲ್ಲಿ ಕುದಿಸಿದ ಧಾನ್ಯದ ರಸ ಆರಿಸಿ, ಗಾಳಿಯಲ್ಲಿರುವ ಯೀಸ್ಟಿಗೇ ಅದನ್ನು ಒಪ್ಪಿಸಿ, ಒಂದರಿಂದ ಮೂರು ವರ್ಷ ಮರದಲ್ಲಿ ಇಡುತ್ತಾರೆ. ನಮ್ಮ ಸೆಕೆಯಲ್ಲಿ ತೆರೆದ ತೊಟ್ಟಿ ಆಗದು. ಆದರೆ ಮರದ ಸಣ್ಣ ರಂಧ್ರಗಳಿಂದ ಅಷ್ಟಷ್ಟೇ ಗಾಳಿ ಪಡೆಯುತ್ತ ಬ್ರೆಟ್ಟನೊಮೈಸಿಸ್ ಯೀಸ್ಟ್ ನಿಧಾನವಾಗಿ ಕೆಲಸ ಮಾಡುವುದನ್ನು 18 ಡಿಗ್ರಿಯ ತಂಪು ಕೋಣೆಯಲ್ಲಿ ನಾನೂ ಮಾಡಿಸಬಲ್ಲೆ. ಅದಕ್ಕೆ ಗಾಳಿ ಹನಿಹನಿಯಾಗಿ ಬರಬೇಕು. ಹನ್ನೊಂದು ಸಂದಿನಿಂದ ನುಗ್ಗಿದರೆ ಆಗುವುದು ವಿನೆಗರ್ ಒಂದೇ.

ನಿಮ್ಮ ಪ್ರತಿನಿಧಿ "ವಾಸನೆ ಹೋಗುತ್ತದೆ, ತುಂಬಿ ನೋಡಿ" ಎಂದು ಒತ್ತಾಯಿಸಿದ್ದರಿಂದ ಆ ಮೂರರಲ್ಲಿ ವಾಸನೆ ಕಡಿಮೆಯಿದ್ದ ಒಂದಕ್ಕೆ ಏಪ್ರಿಲ್ 24ರಂದು 220 ಲೀಟರ್ ಬಿಯರ್ ತುಂಬಿದೆ. ಐದು ವಾರದ ನಂತರ ಗಾಜಿನ ಕೊಳವೆಯಿಂದ ಒಂದು ಲೋಟ ತೆಗೆದೆ. ಬಣ್ಣ ಚೆನ್ನಾಗಿತ್ತು, ಜೇನಿನಂತೆ ಹೊಳೆಯುತ್ತಿತ್ತು. ಬಾಯಿಗೆ ಇಡಲಾಗಲಿಲ್ಲ. ಅಬಕಾರಿ ದಾಖಲೆಯಲ್ಲಿ ಬರೆದು ಅಷ್ಟನ್ನೂ ಮೋರಿಗೆ ಬಿಟ್ಟೆ. ಈ ವರ್ಷದ ಸುಗ್ಗಿಯ ಹೊಸ ಜೋಳ ಅದು.

ಖರೀದಿದಾರ ಉದ್ದೇಶವನ್ನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡ ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು ಎಂದು 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಹೇಳುತ್ತದೆ. ನಾನು ಉದ್ದೇಶವನ್ನು ಬರೆದು ತಿಳಿಸಿದ್ದೆ, ನಿಮ್ಮನ್ನು ನಂಬಿದ್ದೆ. ಆದ್ದರಿಂದ ಐದು ಪೀಪಾಯಿಗಳ 90,000 ರೂಪಾಯಿಯನ್ನೂ ಅವುಗಳ ಪಾಲಿನ ಲಾರಿ ಬಾಡಿಗೆಯನ್ನೂ 15 ದಿನದೊಳಗೆ ಮರಳಿಸಿ, ನಿಮ್ಮದೇ ಖರ್ಚಿನಲ್ಲಿ ಅವನ್ನು ಒಯ್ಯಿರಿ. ಚೆಲ್ಲಿದ ಬಿಯರಿನ ಕಚ್ಚಾ ಸಾಮಗ್ರಿಯ ಲೆಕ್ಕವನ್ನು ರಸೀದಿಗಳೊಂದಿಗೆ ಲಗತ್ತಿಸಿದ್ದೇನೆ, ಅದನ್ನೂ ತುಂಬಿಕೊಡಿ. ಬದಲಿ ಪೀಪಾಯಿ ಕಳುಹಿಸುವ ಮಾತು ಈಗ ಬೇಡ. ಖಾಲಿ ಮಾಡಿದ ದಿನಾಂಕವನ್ನು ಪ್ರತಿಯೊಂದರ ಮೇಲೂ ಬರೆದು, ಮುಚ್ಚಿದ ಲಾರಿಯಲ್ಲಿ, ಮಳೆಗಾಲದಲ್ಲಿ ಕಳುಹಿಸುವುದಾದರೆ ಹಣ ಬಂದ ಮೇಲೆ ಯೋಚಿಸುತ್ತೇನೆ.

ಗಂಧಕದ ವಾಸನೆಯಿದ್ದ ಆರನೆಯ ಪೀಪಾಯಿ ಚೆನ್ನಾಗಿದೆ, ತುಂಬಿದ್ದೇನೆ, ಅದರ ಬಗ್ಗೆ ದೂರಿಲ್ಲ. ಉಳಿದ 855 ಲೀಟರ್ ಬಿಯರ್ ಇನ್ನೂ ಉಕ್ಕಿನ ತೊಟ್ಟಿಯಲ್ಲಿಯೇ ಇದೆ. ಅದು ಖಾಲಿಯಾಗುವವರೆಗೆ ಮುಂದಿನ ಅಡುಗೆ ಏರಿಸಲು ನನ್ನಲ್ಲಿ ಬೇರೆ ತೊಟ್ಟಿಯಿಲ್ಲ. ಐದೂ ಪೀಪಾಯಿಗಳನ್ನು ನೆರಳಿನಲ್ಲಿ ಇಟ್ಟಿದ್ದೇನೆ, ಸೋರುವ ಸಂದುಗಳಿಗೆ ಸೀಮೆಸುಣ್ಣದ ಗುರುತು ಹಾಕಿದ್ದೇನೆ. ಮರ ಬಲ್ಲ ಒಬ್ಬರನ್ನು ಕಳುಹಿಸಿ, ಬಿರಡೆ ತೆಗೆದು ಮೂಸಿ ನೋಡಲಿ.

ಇಂತಿ,
ಬೇಡಿಕೆ ಪತ್ರಕ್ಕೆ ಸಹಿ ಮಾಡಿದ ಖರೀದಿದಾರ