ಹೊರಗೆ ನೀನೇ ಬಾ

ಮಗಳೇ,

ಫೋನಿನಲ್ಲಿ ಹೇಳಿದರೆ ಮೊನ್ನೆಯ ಹಾಗೆ ಮತ್ತೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ ಹೃದಯದ ಸರ್ಜರಿ ಕಲಿಯುವ ಎಂಸಿಎಚ್ ಸೀಟು ಸಿಕ್ಕಿತು ಎಂದು ನೀನು ಅಂದಾಗ "ಇನ್ನೂ 3 ವರ್ಷವಾ?" ಎಂದು ಬಾಯಿಗೆ ಬಂತು. ಎಂಬಿಬಿಎಸ್ ಐದೂವರೆ, ಎಂಎಸ್ 3, ಈಗ ಇದು. ಆದರೆ ವರ್ಷದ ಲೆಕ್ಕ ನನಗೆ ದೊಡ್ಡದಲ್ಲ. ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಯಾಗಿದೆ, ಕ್ಯಾಂಪ್ಕೋಗೆ ಅಡಿಕೆ ಕೊಡಲು ಹೋದಲ್ಲೂ.

ನನ್ನ ಹೆದರಿಕೆ ಬೇರೆ. ಜಗಲಿಯಲ್ಲಿ ಕೂತು ನೀನೇ ಹೇಳಿದ್ದೆಯಲ್ಲ. ಮಹಾಧಮನಿಗೆ ಕ್ಲಾಂಪ್ ಹಾಕಿ, ಪೊಟ್ಯಾಸಿಯಂ ಇರುವ ದ್ರಾವಣ ಬಿಟ್ಟು ಹೃದಯವನ್ನೇ ನಿಲ್ಲಿಸುತ್ತಾರೆ. ಅಷ್ಟು ಹೊತ್ತು ಮೆಷಿನ್ ರಕ್ತ ಓಡಿಸುತ್ತದೆ. ಕ್ಲಾಂಪ್ ತೆಗೆದ ಮೇಲೆ ರಕ್ತ ಹರಿದು ಮತ್ತೆ ಬಡಿತ ಶುರು.

"ಶುರುವಾಗದಿದ್ದರೆ?" ಎಂದೆ.

"ಶಾಕ್ ಕೊಡ್ತಾರೆ."

"ಆಗಲೂ ಆಗದಿದ್ದರೆ?"

ನೀನು ಎದ್ದು ಒಳಗೆ ಹೋದೆ.

ಅಜ್ಜನ ಬೈಪಾಸ್ ದಿನ ಮಂಗಳೂರಿನ ಆಸ್ಪತ್ರೆಯಲ್ಲಿ ಕಾದವನು ನಾನು. ನೀನಾಗ ಆರನೇ ಕ್ಲಾಸು. ಸರ್ಜನ್ ತಾವೇ ಹೊರಗೆ ಬಂದರು. ಮೂಗಿನ ಮೇಲೆ ಮಾಸ್ಕಿನ ಗೆರೆ ಕೆಂಪಗಿತ್ತು. ತುಳುವಿನಲ್ಲೇ ಮಾತಾಡಿದರು. ಪಕ್ಕದ ಬೆಂಚಿನಲ್ಲಿ ಉಪ್ಪಳ ಕಡೆಯ ಒಬ್ಬ ಹೆಂಗಸು. ಅವರ ಗಂಡನಿಗೆ ಬೇರೆ ಡಾಕ್ಟರ್. ಗಂಡ ಉಳಿಯಲಿಲ್ಲ. ಅದನ್ನು ಹೇಳಲು ಬಂದವನು ಫೈಲು ಹಿಡಿದ ಹುಡುಗ. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಆಕೆ ಪೆನ್ನು ಹಿಡಿದು ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದರು. ಯಾರೂ ಬರಲಿಲ್ಲ. ಅಜ್ಜ ಆಮೇಲೆ ವರ್ಷಗಟ್ಟಲೆ ತೋಟ ಸುತ್ತಿದರು. ಆದರೂ ಆ ದಿನ ಅಂದರೆ ನನಗೆ ನೆನಪಾಗುವುದು ಆಕೆ. ಶುರುವಾಗದಿದ್ದರೆ, ಶುರುವಾಗದಿದ್ದರೆ ಎಂದು ನಾನು ಕೇಳಿದ್ದು ಅದಕ್ಕೇ.

ಆ ದಿನ ನಿನಗೂ ಬರುತ್ತದೆ. ಆಗ ಹೊರಗೆ ನೀನೇ ಬಾ. ಇನ್ನೊಬ್ಬರನ್ನು ಕಳಿಸಬೇಡ. ಅವರ ಪಕ್ಕ ಕೂತು ಹೇಳು. ವಾಚು ನೋಡಬೇಡ. ಮೊದಮೊದಲು ಬೈಪಾಸಿಗೆ ಕಾಲಿನ ರಕ್ತನಾಳ ಬಿಡಿಸಿ ಕೊಡುವ ಕೆಲಸವೇ ಜಾಸ್ತಿ ಎಂದಿದ್ದೆ. ಆಗಲೂ ಕಾಲು ಯಾರದೆಂದು ತಿಳಿದಿರು. ನಮ್ಮ ಕಡೆಯವರು ಅಲ್ಲಿಗೂ ಬರುತ್ತಾರೆ, ಅವರ ಹತ್ತಿರ ಕನ್ನಡ, ತುಳು ಮಾತಾಡು. 2020ರಲ್ಲಿ ಕೊರೊನಾ ಎಂದು ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿ, ಮಂಗಳೂರಿಗೆ ಹೊರಟ ಕಾಸರಗೋಡಿನ ಆಂಬುಲೆನ್ಸ್ ವಾಪಸ್ ಕಳಿಸಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ದೂರದ ಆಸ್ಪತ್ರೆಯಲ್ಲಿ ನಮ್ಮ ಮಾತು ಕೇಳಿದರೆ ಅವರಿಗೆ ಅರ್ಧ ಧೈರ್ಯ.

ಊಟ ಬಿಟ್ಟು ಥಿಯೇಟರಿಗೆ ಹೋಗಬೇಡ. ಗಂಟೆಗಟ್ಟಲೆ ನಿಲ್ಲುವ ಕೆಲಸ, ಸೊಂಟ ನೋಡಿಕೋ. ಮಾವೇಲಿ ರೈಲಿಗೆ ಇಬ್ಬರ ಟಿಕೆಟ್ ಮಾಡಿಸಿದ್ದೇನೆ. ಹಾಸ್ಟೆಲ್‌ವರೆಗೆ ಬರುತ್ತೇನೆ, ಬೇಡ ಅನ್ನಬೇಡ. ನಿನ್ನ ಟ್ರಂಕು ಒಬ್ಬರಿಂದ ಎತ್ತಲಾಗುವುದಿಲ್ಲ.

ಅಪ್ಪ