ಬಲಿಪ ಮನೆತನದ ಹಾಡುಗಾರಿಕೆ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ 2023ರಲ್ಲಿ ನಮ್ಮನ್ನಗಲಿದ ಬಲಿಪ ನಾರಾಯಣ ಭಾಗವತರು ತಮ್ಮದೇ ಹೆಸರಿನ ಅಜ್ಜನಿಂದ ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಭಾಗವತಿಕೆಯನ್ನು, ಅಂದರೆ ಪದ್ಯ ಹಾಡಿ ಆಟವನ್ನು ನಡೆಸುವ ಕಲೆಯನ್ನು, ಕಲಿತವರು. ಮಕ್ಕಳಾದ ಪ್ರಸಾದ ಬಲಿಪರೂ ಶಿವಶಂಕರ ಬಲಿಪರೂ ಅದೇ ದಾರಿ ಹಿಡಿದರು. ಪ್ರಸಾದ ಬಲಿಪರು ತಂದೆಗಿಂತ ಮೊದಲೇ, 2022ರಲ್ಲಿ, ತೀರಿಕೊಂಡದ್ದು ಯಕ್ಷಗಾನಕ್ಕೆ ದೊಡ್ಡ ನಷ್ಟ.

ಚಕ್ರತಾಳವೆಂಬ ಲೋಹದ ತಾಳ ಹಿಡಿದು, ಕಥೆ ಶುರುವಾಗುವ ಮುಂಚಿನ ಪೂರ್ವರಂಗ ಹಾಡುತ್ತಾ ಮೇಳದಲ್ಲಿ (ಯಕ್ಷಗಾನ ತಂಡದಲ್ಲಿ) ಬೆಳೆಯುವ ಅವಕಾಶ ಕಲಿಯುವವರೆಲ್ಲರಿಗೂ ಇದೆ. ಆದರೆ ಭಾಗವತರ ಮನೆಯ ಮಗುವಿಗೆ ಅದಕ್ಕೂ ಎಷ್ಟೋ ಮೊದಲು, ಜಗಲಿಯಲ್ಲಿ ಕುಳಿತ ಹಿರಿಯರು ತೊಡೆಯ ಮೇಲೆ ತಾಳ ತಟ್ಟುತ್ತಾ ಪದ್ಯವನ್ನು ಎಲ್ಲಿ ಎತ್ತಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಗುನುಗಿಕೊಳ್ಳುವುದು ಕಿವಿಗೆ ಬಿದ್ದಿರುತ್ತದೆ; ಯಾವ ತರಗತಿಯೂ ಅದನ್ನು ಪೂರ್ತಿಯಾಗಿ ಕೊಡಲಾರದು. ಹಾಗೆಂದು ಮಗ ಅಪ್ಪನ ಸ್ವರದಲ್ಲೇ ಹಾಡಬೇಕೆಂದು ಪ್ರೇಕ್ಷಕರು ಹಟ ಹಿಡಿಯುವುದು, ಅಭಿಮಾನದಿಂದಲೇ ಆದರೂ, ಆತನಿಗೆ ಮಾಡುವ ಅನ್ಯಾಯ.

ಇಂಥ ಮನೆಗಳಲ್ಲಿ ಉಳಿದಿರುವ ಪ್ರಸಂಗಗಳ (ಆಟದ ಕಥಾಪದ್ಯಗಳ) ಕೈಬರಹದ ಪುಸ್ತಕಗಳು ಮತ್ತು ಹಳೆಯ ಕ್ಯಾಸೆಟ್‌ಗಳು ನಮ್ಮ ಮಳೆಗಾಲದ ತೇವಕ್ಕೆ ಹಾಳಾಗುವ ಮೊದಲು, ಕಾಸರಗೋಡು ಸರ್ಕಾರಿ ಕಾಲೇಜಿನ ಕನ್ನಡ ವಿಭಾಗವು ಕುಟುಂಬದವರ ಒಪ್ಪಿಗೆ ಪಡೆದು ಅವುಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡಬೇಕೆಂದು ವಿನಂತಿಸುತ್ತೇನೆ.

– ಯಕ್ಷಗಾನ ಪ್ರೇಮಿ, ಪೆರ್ಲ